ಒಂದೇ ಗೇಟಿನ ನಲವತ್ತೆರಡು ಮನೆ

ವರ್ತೂರಿನ ಕಡೆ ದೊಡ್ಡ ರಸ್ತೆ ಬಿಟ್ಟು ಒಳಗೆ ತಿರುಗಿದರೆ, ಎರಡು ಗಾಡಿ ಎದುರಾದಾಗ ಒಂದು ಹಿಂದೆ ಸರಿಯಲೇಬೇಕಾದ ಗಲ್ಲಿ. ಅದರ ಕೊನೆಗೊಂದು ಗೇಟು. ಗೇಟಿನೊಳಗೆ ನಲವತ್ತೆರಡು ಮನೆ, ಎರಡು ಲಿಫ್ಟು, ಒಂದು ಜನರೇಟರು, ನೆಲದಡಿ ಒಂದು ಸಂಪು, ಹಿಂದಿನ ಮೂಲೆಯಲ್ಲಿ ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ. ಈಜುಕೊಳ ಇಲ್ಲ, ಕ್ಲಬ್ ಹೌಸ್ ಇಲ್ಲ. ಸಂಬಳ ಕೊಟ್ಟು ಮ್ಯಾನೇಜರ್ ಇಟ್ಟುಕೊಳ್ಳುವಷ್ಟು ದುಡ್ಡೂ ಇಲ್ಲ. ಹಾಗಾಗಿ ಇದನ್ನು ನಡೆಸುವವರು ಇಲ್ಲಿಯ ನಿವಾಸಿಗಳೇ. ಬ್ಯಾಂಕಿನಿಂದ ನಿವೃತ್ತರಾದ ಅಧ್ಯಕ್ಷರು, ಸಾಫ್ಟ್‌ವೇರ್ ಕೆಲಸದ ನಡುವೆ ಬಿಡುವು ಮಾಡಿಕೊಳ್ಳುವ ಕಾರ್ಯದರ್ಶಿ, ಔಷಧದಂಗಡಿ ಮುಚ್ಚಿ ಬಂದ ಮೇಲೆ ಲೆಕ್ಕದ ಪುಸ್ತಕ ತೆರೆಯುವ ಖಜಾಂಚಿ. ಬೆಂಗಳೂರಿನಲ್ಲಿ ಇಂಥ ಗೇಟುಗಳಿಗೆ ಲೆಕ್ಕವಿಲ್ಲ.

ಏಪ್ರಿಲ್ ತಿಂಗಳ ಬೆಳಗಿನ ಐದೂವರೆ. ಸೆಕ್ಯೂರಿಟಿಯವರು ಸಂಪಿನ ಮುಚ್ಚಳ ಎತ್ತಿ, ಉದ್ದನೆಯ ಪೈಪೊಂದನ್ನು ಇಳಿಸಿ ಮೇಲೆತ್ತುತ್ತಾರೆ. ಪೈಪಿನ ಮೇಲೆ ಅಡಿಗೊಂದರಂತೆ ಕೆಂಪು ಗೆರೆ. ತೇವ ಎರಡನೆಯ ಗೆರೆಯನ್ನೂ ಮುಟ್ಟಿಲ್ಲ. “ಎಂಟರ ತನಾ ಬಂದ್ರ ಭಾಳ ಆತ್ರೀ ಮೇಡಂ,” ಎನ್ನುತ್ತಾರೆ ರಾಯಚೂರಿನ ಆ ಹಿರಿಯರು. ಮೊಬೈಲ್ ಬೆಳಕು ಹಿಡಿದು ನಿಂತ ಕಾರ್ಯದರ್ಶಿ ಅಲ್ಲಿಂದಲೇ ಟ್ಯಾಂಕರ್‌ನವರಿಗೆ ಫೋನ್ ಮಾಡುತ್ತಾರೆ. “ಕ್ಯೂ ಇದೆ ಮೇಡಂ, ಹತ್ತಾಗುತ್ತೆ.” “ಹತ್ತಾದ್ರೆ ಮಕ್ಕಳು ಸ್ಕೂಲಿಗೆ ಹೇಗೆ ಹೋಗ್ಬೇಕಣ್ಣ? ಏಳೂವರೆಗೆ ಒಂದು ಲೋಡ್ ಆದ್ರೂ ಕಳ್ಸಿ.” ಆರು ಗಂಟೆಗೆ ವಾಟ್ಸಾಪ್ ಗುಂಪಿಗೆ ಸಂದೇಶ ಬೀಳುತ್ತದೆ: ಇವತ್ತು ನೀರು ಏಳರವರೆಗೆ ಮಾತ್ರ, ದಯವಿಟ್ಟು ಬಕೆಟ್ ತುಂಬಿಸಿಕೊಳ್ಳಿ.

ಟ್ಯಾಂಕರ್ ಬಂದಾಗ ನೋಡಬೇಕು. ಗಲ್ಲಿಯಲ್ಲಿ ಹಿಮ್ಮುಖವಾಗಿ ಬರುವ ಗಾಡಿಗೆ ಸೆಕ್ಯೂರಿಟಿಯವರು ಕೈ ಬೀಸಿ ದಾರಿ ತೋರಿಸುತ್ತಾರೆ. ಡ್ರೈವರ್ ದಪ್ಪ ಪೈಪನ್ನು ಸಂಪಿನ ಬಾಯಿಗಿಟ್ಟು ವಾಲ್ವ್ ತಿರುಗಿಸುವ ಮೊದಲು ಕಾರ್ಯದರ್ಶಿ ಒಂದು ಲೋಟ ನೀರು ಹಿಡಿದು, ಬಣ್ಣ ನೋಡಿ, ಮೂಸಿ, ಪೆನ್ನಿನಷ್ಟುದ್ದದ ಟಿಡಿಎಸ್ ಮೀಟರನ್ನು ಅದ್ದುತ್ತಾರೆ. ಆಮೇಲೆ ರಿಜಿಸ್ಟರ್‌ನಲ್ಲಿ ಗಾಡಿ ನಂಬರು, ಹೊತ್ತು, ಲೀಟರು, ಸಹಿ. ಅಂಚು ಮಡಚಿಹೋದ ಆ ಪುಸ್ತಕವೇ ತಿಂಗಳ ಕೊನೆಗೆ ಖಜಾಂಚಿಯ ಆಧಾರ. ಅದರಲ್ಲಿ ಬರೆಯದ ಲೋಡಿಗೆ ಅವರು ಹಣ ಕೊಡುವುದಿಲ್ಲ.

2023ರ ಮಳೆ ಕೈಕೊಟ್ಟು, 2024ರ ಬೇಸಿಗೆಗೆ ಬೋರ್‌ವೆಲ್‌ಗಳು ಒಣಗಿದಾಗ ಈ ರಿಜಿಸ್ಟರಿನ ಪುಟಗಳು ಬೇಗ ಬೇಗ ತುಂಬಿದವು. ಆ ಮಾರ್ಚ್‌ನಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ದರ ಕಟ್ಟಿತು: ಐದು ಕಿಲೋಮೀಟರ್ ಒಳಗೆ 12,000 ಲೀಟರ್‌ಗೆ 1,000 ರೂಪಾಯಿ. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದಿತು ಜಲಮಂಡಳಿ. ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರೇಟರ್ ಹಾಕಿಸಿ ಎಂದೂ ಹೇಳಿತು. ಆದೇಶ ಹೊರಡಿಸುವುದು ಮಂಡಳಿ. ಮನೆಮನೆಗೆ ಹೋಗಿ ಏರೇಟರ್ ತಿರುಗಿಸಿ ಕೂರಿಸಿದ್ದು ಇಂಥ ಸಂಘಗಳ ಸಮಿತಿಯವರು, ಪ್ಲಂಬರ್ ಜೊತೆ ಮೆಟ್ಟಿಲು ಹತ್ತಿ ಇಳಿದು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ನೀರು, ನಗರಕ್ಕೆ ಸೇರಿದ 110 ಹಳ್ಳಿಗಳಿಗೆ. ಆದರೆ ಮಂಡಳಿಯ ಕೊಳವೆ ಗಲ್ಲಿಯಲ್ಲಿ ಬಂದು ನಿಂತ ಮಾತ್ರಕ್ಕೆ ಸಂಪಿಗೆ ಕಾವೇರಿ ಇಳಿಯುವುದಿಲ್ಲ. ಸಂಪರ್ಕಕ್ಕೆ ಅರ್ಜಿ, ನಕ್ಷೆ, ಪ್ರೋರೇಟಾ ಶುಲ್ಕ ಎಲ್ಲ ಆಗಬೇಕು. ಆ ಶುಲ್ಕವನ್ನು ಮನೆಗಳ ಮೇಲೆ ಹಂಚಿ ವಸೂಲು ಮಾಡುವುದಿದೆಯಲ್ಲ, ಸಮಿತಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ದುಬೈಯಲ್ಲಿರುವ ಮಾಲೀಕರೊಬ್ಬರು ಸಂದೇಶ ನೋಡುತ್ತಾರೆ, ಉತ್ತರಿಸುವುದಿಲ್ಲ. ಮನೆ ಮಾರಲು ಹೊರಟವರು “ಬರೋವ್ರು ಕೊಡ್ಲಿ ಬಿಡಿ” ಎನ್ನುತ್ತಾರೆ.

ಹಣದ ಮಾತು ಬಂದರೆ ಲಿಫ್ಟಿನ ಜಗಳ ಬಂದೇ ಬರುತ್ತದೆ. ನೆಲಮಹಡಿಯ ನಿವೃತ್ತ ಮೇಷ್ಟ್ರು ಕೇಳುತ್ತಾರೆ: “ನಾನು ಲಿಫ್ಟ್ ಬಟನ್ ಒತ್ತಿದವನೇ ಅಲ್ಲ, ನಾನ್ಯಾಕೆ ಕೊಡ್ಲಿ?” ಅವರ ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಉತ್ತರ ಮಾತ್ರ ಬಹಳ ಹಿಂದೆಯೇ ಬರೆದಿಟ್ಟದ್ದು. ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರಿದ್ದ 1972ರಲ್ಲಿ ರೂಪುಗೊಂಡ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ, ಸಾಮಾನ್ಯ ಸೌಲಭ್ಯವನ್ನು ನಾನು ಬಳಸುವುದಿಲ್ಲ ಎಂದು ಹೇಳಿ ಸಾಮಾನ್ಯ ಖರ್ಚಿನಿಂದ ಯಾರೂ ಹೊರಗುಳಿಯುವಂತಿಲ್ಲ. ಬಾಕಿ ಹಣದ ಹೊಣೆ ಆ ಮನೆಯ ಮೇಲೆಯೇ ಕೂರುತ್ತದೆ. ಖಜಾಂಚಿಗೆ ಕಾಯ್ದೆ ಗೊತ್ತು. ಆದರೂ ಅವರು ಮೇಷ್ಟ್ರ ಮನೆಯಲ್ಲಿ ಕೂತು ಕಾಫಿ ಕುಡಿಯುತ್ತ, “ಸಾರ್, ಹೋದ ಮಳೆಗಾಲದಲ್ಲಿ ನಿಮ್ಮ ಬಚ್ಚಲಿಗೆ ಮೋರಿ ನೀರು ಉಕ್ಕಿದಾಗ ರಿಪೇರಿಗೆ ನಾಲ್ಕನೇ ಮಹಡಿಯವ್ರೂ ಕೊಟ್ರಲ್ಲ,” ಎಂದರು. ಮೇಷ್ಟ್ರು ಚೆಕ್ ಬರೆದರು. ಇಂಥ ನಾಲಗೆ ಇರುವ ಖಜಾಂಚಿ ಸಿಕ್ಕಿದ್ದು ಆ ನಲವತ್ತೆರಡು ಮನೆಗಳ ಪುಣ್ಯ.

ಬಿಲ್ಡರ್ ಜೊತೆಗಿನ ವ್ಯವಹಾರದಲ್ಲಿ ಮಾತ್ರ ಕಾಫಿ ಸಾಲದು, ಕಾಗದವೇ ಬೇಕು. 2016ರ ರೇರಾ ಕಾಯ್ದೆಯಂತೆ, ಮನೆ ಕೈಗೆ ಬಂದ ಐದು ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲೇ ಸರಿಪಡಿಸಬೇಕು. ಗೋಡೆಯ ಬಿರುಕಿನ ಫೋಟೊ ತೆಗೆದು, ತಾರೀಖು ಹಾಕಿ, ಲಿಖಿತವಾಗಿ ದೂರು ಕೊಟ್ಟು ಸ್ವೀಕೃತಿ ಪಡೆಯುವವರಿಲ್ಲದೆ ಆ ಐದು ವರ್ಷ ಕಳೆದುಹೋದರೆ ಆಮೇಲೆ ಬೀಳುವ ಪ್ರತಿ ರೂಪಾಯಿ ನಿವಾಸಿಗಳ ಜೇಬಿನದು.

ಏಳು ಗಂಟೆಗೆ ಗೇಟಿನಲ್ಲಿ ಮನೆಕೆಲಸದವರ ಸಾಲು. ಒಬ್ಬೊಬ್ಬರೇ ಹೆಸರು ಬರೆದು, ಚಪ್ಪಲಿ ಸದ್ದು ಮಾಡುತ್ತ ಲಿಫ್ಟಿನ ಕಡೆ ನಡೆಯುತ್ತಾರೆ. ಅವರು ಲಿಫ್ಟ್ ಹತ್ತಬಾರದು ಎಂಬ ಬೋರ್ಡು ಇಲ್ಲಿಯೂ ಒಂದು ಕಾಲಕ್ಕೆ ಇತ್ತು. ಕಾರ್ಯದರ್ಶಿ ಅದನ್ನು ತೆಗೆಸಿದಾಗ ವಾಟ್ಸಾಪ್ ಗುಂಪು ಎರಡು ದಿನ ಕುದಿಯಿತು. ತೆಗೆಸಿದ್ದೇ ಸರಿ. ಮೂರು ಮನೆ ಕೆಲಸ ಮುಗಿಸಿ ನಾಲ್ಕನೇ ಮಹಡಿಗೆ ಹೋಗುವ ಹೆಂಗಸಿಗೆ ಮಂಡಿನೋವು ನಮಗಿಂತ ಕಡಿಮೆಯೇನಲ್ಲ. ಬೇಸ್‌ಮೆಂಟಿನಲ್ಲಿ ಅವರಿಗೂ ಸೆಕ್ಯೂರಿಟಿಯವರಿಗೂ ಬೀಗವಿಲ್ಲದ, ನೀರಿರುವ ಶೌಚಾಲಯ ಇದೆಯೇ ಇಲ್ಲವೇ? ಒಂದು ಸಂಘವನ್ನು ಅಳೆಯಬೇಕಾದರೆ ನಾನು ಮೊದಲು ನೋಡುವುದು ಇದನ್ನೇ.

ಎರಡನೆಯದು ಎಸ್‌ಟಿಪಿ. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಬಳಿಯ ಸೋಮಸುಂದರಪಾಳ್ಯದ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿಯಲ್ಲಿ ಮೂವರು ಕಾರ್ಮಿಕರು ಸತ್ತರು. ಮನುಷ್ಯರನ್ನು ಹೀಗೆ ಗುಂಡಿಗಿಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದ ಮೇಲೂ ನಡೆದದ್ದು ಇದು. ಆ ಗುಂಡಿಯ ಗಾಳಿಯಲ್ಲಿ ಒಬ್ಬ ಕುಸಿದರೆ ಎತ್ತಲು ಹೋದವನೂ ಕುಸಿಯುತ್ತಾನೆ. ಯಂತ್ರದ ಗಾಡಿಗೆ ಖರ್ಚು ಜಾಸ್ತಿ, ಪಕ್ಕದ ಬೀದಿಯ ಹುಡುಗ ಕಡಿಮೆಗೆ ಇಳಿಯುತ್ತಾನೆ ಎಂದು ಯಾರಾದರೂ ಸಮಿತಿಯಲ್ಲಿ ಹೇಳಿದರೆ, ಆ ಮಾತನ್ನು ಅಲ್ಲೇ ತಡೆಯಬೇಕು. ಈ ಗೇಟಿನೊಳಗಿನ ಎಸ್‌ಟಿಪಿ ಬಾಗಿಲಿಗೆ ಬೀಗ ಇದೆ, ಕೀಲಿ ಕಾರ್ಯದರ್ಶಿಯ ಬಳಿ. ಯಂತ್ರ ಬಂದ ಹೊರತು ಅದು ತೆರೆಯುವುದಿಲ್ಲ.

ಪಾರ್ಕಿಂಗ್ ತಂಟೆ, ನಾಯಿ ತಂಟೆ, ಬಾಡಿಗೆಗೆ ಬರುವ ಮದುವೆಯಾಗದ ಹುಡುಗರ ಬಗ್ಗೆ ಗೊಣಗಾಟ ಎಲ್ಲ ಕಡೆಯಂತೆ ಇಲ್ಲೂ ಇದೆ. ನವೆಂಬರ್ ಒಂದಕ್ಕೆ ಬಾವುಟ ಏರುವಾಗ ಒಡಿಶಾದವರು, ಕೇರಳದವರು, ಕಲಬುರಗಿಯವರು ಒಟ್ಟಿಗೆ ನಿಂತು ನಾಡಗೀತೆ ಹಾಡುವುದೂ ಇದೆ.

ಇಲ್ಲದೇ ಇರುವುದು ಮಹಾಸಭೆಗೆ ಜನ. ಭಾನುವಾರ ಹತ್ತಕ್ಕೆ ಎಂದು ನೋಟಿಸ್. ಬೇಸ್‌ಮೆಂಟಿನಲ್ಲಿ ಎರಡು ಕಾರು ಹೊರಗಿಟ್ಟು, ಆ ಜಾಗದಲ್ಲಿ ಬಾಡಿಗೆಯ ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿರುತ್ತಾರೆ. ಮೇಜಿನ ಮೇಲೆ ವರ್ಷದ ಲೆಕ್ಕಪತ್ರ, ಆಡಿಟರ್ ಸಹಿ ಬಿದ್ದ ಪ್ರತಿಗಳು, ಹಾಜರಿ ಪುಸ್ತಕ. ಹತ್ತೂವರೆಯಾದರೂ ಕೋರಂ ಇಲ್ಲ. ಸಭೆ ಅರ್ಧ ಗಂಟೆ ಮುಂದೂಡಿ, ಇದ್ದಷ್ಟು ಜನರಲ್ಲೇ ಶುರು. ಮೇಂಟೆನೆನ್ಸ್ ಏರಿಕೆ, ಜನರೇಟರ್ ರಿಪೇರಿ, ಕಾವೇರಿ ಸಂಪರ್ಕ ಎಲ್ಲ ಒಂದು ಹಿಡಿ ಜನರ ಕೈ ಎತ್ತುವುದರಲ್ಲಿ ತೀರ್ಮಾನವಾಗುತ್ತದೆ. “ಹೊಸ ಸಮಿತಿಗೆ ಯಾರಿದ್ದೀರಿ?” ಎಂದು ಅಧ್ಯಕ್ಷರು ಕೇಳಿದಾಗ ಎಲ್ಲರೂ ಮೊಬೈಲ್ ನೋಡುತ್ತಾರೆ. ಮತ್ತೆ ಅವೇ ಮೂವರು.

ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಈ ಸಲದ ನೋಟಿಸ್ ಗೋಡೆಗೆ ಅಂಟಿಸಿರಬಹುದು. ಹೋಗಿ, ಲೆಕ್ಕಪತ್ರ ಕೈಗೆ ತೆಗೆದುಕೊಂಡು ಓದಿ, ತಿಳಿಯದ್ದನ್ನು ಕೇಳಿ. ಹೊಸ ಸಮಿತಿಗೆ ಹೆಸರು ಕರೆದಾಗ ಒಂದು ವರ್ಷದ ಮಟ್ಟಿಗೆ ನಿಮ್ಮ ಹೆಸರು ಕೊಡಿ.