ಸಾಮೂಹಿಕ ದಾವೆಗೆ ಅರ್ಧ ಸೇರಿದವರ ಹೊಣೆ

ಒಬ್ಬನೇ ಖರೀದಿದಾರನಿಂದ ಬಾಕಿ ಬರಬೇಕಾದ ಹತ್ತಾರು ಸರಬರಾಜುದಾರರು ಕೂಡಿ ನ್ಯಾಯಾಲಯದ ಮೆಟ್ಟಿಲೇರುವುದು ವ್ಯಾಪಾರ ವಲಯಕ್ಕೆ ಹೊಸದಲ್ಲ. ಅವರಲ್ಲಿ ಕೆಲವರು ವಕಾಲತ್ತಿಗೆ ಸಹಿ ಮಾಡಿ, ಮೊದಲ ಕಂತು ಕೊಟ್ಟು, ಅನಂತರ ಹಿಂದೆ ಸರಿಯುತ್ತಾರೆ. ಕೆಲವರು ಬಿಲ್ಲುಗಳ ಪ್ರತಿಯನ್ನಷ್ಟೇ ಕೊಟ್ಟು ಸುಮ್ಮನಾಗುತ್ತಾರೆ. ಮತ್ತೆ ಕೆಲವರು ಬಾಕಿಯ ಒಂದು ಭಾಗವನ್ನು ಮಾತ್ರ ದಾವೆಗೆ ಸೇರಿಸಿ, ಉಳಿದುದನ್ನು ಖರೀದಿದಾರನ ಸ್ನೇಹಕ್ಕೆ ಬಿಡುತ್ತಾರೆ. ಸೋತರೆ ಎದುರಾಳಿಯ ಖರ್ಚು ತಮ್ಮ ತಲೆಗೆ ಬಂದೀತೆ ಎಂಬ ಆತಂಕ ಮೂವರಿಗೂ ಒಂದೇ. ಕಾನೂನಿನ ಉತ್ತರ ಮಾತ್ರ ಬೇರೆ ಬೇರೆ.

ವಾದಪತ್ರದಲ್ಲಿ ವಾದಿಯೆಂದು ಹೆಸರಿದ್ದರೆ ಹೊಣೆ ಇದ್ದೇ ಇದೆ. ಕಂತು ನಿಲ್ಲಿಸಿದ ಮಾತ್ರಕ್ಕೆ ಹೆಸರು ಅಳಿಯುವುದಿಲ್ಲ. ವಕಾಲತ್ತು ಕೂಡ ನ್ಯಾಯಾಲಯದ ಅನುಮತಿಯೊಡನೆ ಲಿಖಿತವಾಗಿ ಕೊನೆಗೊಳ್ಳುವವರೆಗೆ ಜಾರಿಯಲ್ಲಿರುತ್ತದೆ. ಇನ್ನೂ ಮುಖ್ಯವಾದುದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದಂತೆ, ಹಲವು ವಾದಿಗಳಲ್ಲಿ ಒಬ್ಬನು ಉಳಿದವರ ಸಮ್ಮತಿಯಿಲ್ಲದೆ ದಾವೆಯನ್ನು ಹಿಂಪಡೆಯಲಾರ. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕೂ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಗಳಿಗೆ 2015ರ ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ ಅನ್ವಯಿಸುತ್ತದೆ. ಅದರಡಿ ಸೋತವನು ಗೆದ್ದವನ ಖರ್ಚು ಭರಿಸುವುದೇ ಸಾಮಾನ್ಯ ನಿಯಮ. ಆದೇಶವು ಪಾಲು ನಿಗದಿಪಡಿಸದಿದ್ದರೆ, ವಸೂಲಿಗೆ ಬಂದವನು ಆಸ್ತಿಯುಳ್ಳವನ ಬಾಗಿಲನ್ನೇ ಮೊದಲು ತಟ್ಟುತ್ತಾನೆ.

ಬಿಲ್ಲಿನ ಪ್ರತಿ ಮಾತ್ರ ಕೊಟ್ಟವನಿಗೆ ಈ ಭಯವಿಲ್ಲ. ಆದರೆ ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಕಳೆದುಕೊಳ್ಳುವವನು ಇವನೇ. ಸರಕಿನ ಬಾಕಿಗೆ ಕಾಲಮಿತಿ ಮೂರು ವರ್ಷ. ತಡವಾಗಿ ವಾದಿಯಾಗಿ ಸೇರಿದರೆ, 1963ರ ಕಾಲಪರಿಮಿತಿ ಅಧಿನಿಯಮದ 21ನೆಯ ಪ್ರಕರಣದಂತೆ, ಅವನ ಮಟ್ಟಿಗೆ ದಾವೆ ಸಾಮಾನ್ಯವಾಗಿ ಸೇರಿದ ದಿನವೇ ಹೂಡಿದಂತೆ. ಜೊತೆಯವರು ಗೆದ್ದರೂ ಇವನ ಹಕ್ಕು ಅಷ್ಟರಲ್ಲಿ ಸತ್ತಿರಬಹುದು.

ಬಾಕಿಯನ್ನು ಒಡೆದವನಿಗೆ ಎದುರಾಗುವುದು ಎರಡನೆಯ ಆದೇಶದ ಎರಡನೆಯ ನಿಯಮ. ಒಂದೇ ವ್ಯಾಜ್ಯಕಾರಣದಿಂದ ಹುಟ್ಟಿದ ಬೇಡಿಕೆಯಲ್ಲಿ ಬಿಟ್ಟ ಭಾಗಕ್ಕೆ ಮತ್ತೆ ದಾವೆ ಹೂಡುವಂತಿಲ್ಲ. ಆರು ಲಕ್ಷದ ಚಾಲ್ತಿ ಲೆಕ್ಕದಲ್ಲಿ ನಾಲ್ಕು ಲಕ್ಷಕ್ಕೆ ಮಾತ್ರ ಸಹಿ ಮಾಡಿದವನು ಉಳಿದ ಎರಡು ಲಕ್ಷವನ್ನು ಬಿಟ್ಟುಕೊಟ್ಟಂತೆಯೇ ಆದೀತು. ಬೇರೆ ಬೇರೆ ಆರ್ಡರುಗಳಾಗಿದ್ದರೆ ಮಾತು ಬೇರೆ. ಕಾಲಮಿತಿ ಮೀರುವ ಮುನ್ನ ವಾದಪತ್ರದ ತಿದ್ದುಪಡಿಗೆ ಅರ್ಜಿ ಹಾಕಲು ದಾರಿಯಿದೆ.

ಒಂದನೆಯ ಆದೇಶದ ಎಂಟನೆಯ ನಿಯಮದಡಿ ಕೆಲವರೇ ಎಲ್ಲರ ಪರವಾಗಿ ಹೂಡುವ ಪ್ರಾತಿನಿಧಿಕ ದಾವೆಯ ರೀತಿಯೇ ಬೇರೆ. ಅಲ್ಲಿ ಹೆಸರಿಲ್ಲದಿದ್ದರೂ ಡಿಕ್ರಿ ಬಂಧಿಸುತ್ತದೆ. ಆದರೆ ಹಿತಾಸಕ್ತರಿಗೆ ನೋಟೀಸು ಕೊಡದೆ ರಾಜಿಯಾಗಲೀ ಹಿಂತೆಗೆತವಾಗಲೀ ನಡೆಯದು. ಪತ್ರಿಕೆಯ ಮೂಲೆಯಲ್ಲಿ ಬರುವ ಅಂಥ ಪ್ರಕಟಣೆಯನ್ನು ಓದದೆ ಬಿಡುವವರೇ ಹೆಚ್ಚು.

ವಕೀಲರ ಶುಲ್ಕದ ಲೆಕ್ಕ ನ್ಯಾಯಾಲಯದ ಖರ್ಚಿಗಿಂತ ಪ್ರತ್ಯೇಕ. ಎಲ್ಲರೂ ಒಂದೇ ಪತ್ರಕ್ಕೆ ಸಹಿ ಹಾಕಿ ಶುಲ್ಕ ಒಪ್ಪಿಕೊಂಡಿದ್ದರೆ, 1872ರ ಕರಾರು ಅಧಿನಿಯಮದ 43ನೆಯ ಪ್ರಕರಣದಂತೆ ಪೂರ್ತಿ ಮೊತ್ತವನ್ನು ಒಬ್ಬನಿಂದಲೇ ಕೇಳಬಹುದು. ಕೊಟ್ಟವನು ಉಳಿದವರಿಂದ ಅವರವರ ಪಾಲನ್ನು ವಸೂಲು ಮಾಡಿಕೊಳ್ಳಬೇಕು. ‘ತಮ್ಮ ತಮ್ಮ ಪಾಲಿಗೆ ಮಾತ್ರ ಬದ್ಧರು’ ಎಂಬ ಒಂದು ಸಾಲು ಆ ಪತ್ರದಲ್ಲಿದ್ದರೆ ಈ ತೊಡಕಿಲ್ಲ.

ಈಗಾಗಲೇ ಅರ್ಧ ಸೇರಿರುವ ಸದಸ್ಯರು ಮೊದಲು ವಾದಪತ್ರದ ದೃಢೀಕೃತ ನಕಲು ತರಿಸಿ, ತಮ್ಮ ಹೆಸರಿನ ಮುಂದೆ ಎಷ್ಟು ಮೊತ್ತವಿದೆಯೆಂದು ನೋಡಬೇಕು. ಹೊರಬರುವುದಾದರೆ ಸಹವಾದಿಗಳ ಸಮ್ಮತಿಯನ್ನು ಬರಹದಲ್ಲಿ ಪಡೆದು, ವಿಚಾರಣೆ ಮುಂದುವರಿಯುವ ಮುನ್ನವೇ ನ್ಯಾಯಾಲಯಕ್ಕೆ ಸಲ್ಲಿಸುವುದು ಲೇಸು.