ಬಂಗಾಳ ಕೊಲ್ಲಿಯ ಹಡಗು, ಪಾವಗಡದ ಮಳೆಮಾಪಕ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಿಗೆ ಸಮುದ್ರ ಬಹು ದೂರದ ಮಾತು. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿ ಕುಳಿತ ಈ ಬಯಲುಸೀಮೆಯಲ್ಲಿ ಮುಂಗಾರು ದುರ್ಬಲ. ವರ್ಷದ ಹೆಚ್ಚಿನ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಆದರೂ ಇಲ್ಲಿನ ಕಡಲೆಕಾಯಿ ಬೆಳೆಗಾರನ ಭವಿಷ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಸಮುದ್ರದ ಮೇಲೆಯೇ.

1999ರ ಜುಲೈ ಮತ್ತು ಆಗಸ್ಟ್‌ನಲ್ಲಿ ‘ಸಾಗರ ಕನ್ಯಾ’ ಮತ್ತು ‘ಸಾಗರಧ್ವನಿ’ ಎಂಬ ಎರಡು ಸಂಶೋಧನಾ ನೌಕೆಗಳು ಬಂಗಾಳ ಕೊಲ್ಲಿಯಲ್ಲಿ ವಾರಗಟ್ಟಲೆ ಬೀಡುಬಿಟ್ಟಿದ್ದವು. ‘ಬಾಬ್‌ಮೆಕ್ಸ್’ ಎಂಬ ಹೆಸರಿನ ಆ ಪ್ರಯೋಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳ ಪಾತ್ರ ಹಿರಿದಾಗಿತ್ತು. ಮಳೆಗಾಲದ ಉಬ್ಬರದ ಅಲೆಗಳ ನಡುವೆ ಅಳತೆ ಎಂಬುದು ಸುಲಭದ ಕೆಲಸವಲ್ಲ. ಹಡಗಿನ ಉಕ್ಕಿನ ಮೈ ಬಿಸಿಲಿಗೆ ಕಾಯುತ್ತದೆ, ಎಂಜಿನ್ ಬಿಸಿಗಾಳಿ ಕಾರುತ್ತದೆ. ಆದ್ದರಿಂದ ಉಪಕರಣಗಳನ್ನು ಹಡಗಿನ ಮೂತಿಯಿಂದ ಮುಂದಕ್ಕೆ ಚಾಚಿದ ತೋಳಿನ ಮೇಲಿಟ್ಟು, ಮೂತಿಯನ್ನು ಗಾಳಿಗೆ ಎದುರಾಗಿ ನಿಲ್ಲಿಸಬೇಕು. ಹಡಗು ಓಲಾಡಿದರೂ ಬಿಸಿಲಿನ ಮಾಪಕ ಮಾತ್ರ ಸಮತಟ್ಟಾಗಿರಬೇಕು. ಹೀಲಿಯಂ ಅಥವಾ ಜಲಜನಕ ತುಂಬಿದ ಬಲೂನುಗಳು ಮೇಲೇರುತ್ತಾ ಗಾಳಿಯ ಉಷ್ಣತೆ, ತೇವಾಂಶ, ಒತ್ತಡಗಳ ಸುದ್ದಿಯನ್ನು ರೇಡಿಯೊ ಮೂಲಕ ಕಳುಹಿಸುತ್ತವೆ. ಊಟದ ತಟ್ಟೆ ಮೇಜಿನ ಮೇಲೆ ನಿಲ್ಲದ ದಿನವೂ ಬಲೂನು ಹಾರಬೇಕು. ಪಾಳಿಯವರಿಗೆ ಹಗಲು ರಾತ್ರಿಗಳ ಭೇದವಿಲ್ಲ.

ಇಷ್ಟೆಲ್ಲ ಏಕೆ? ಸಮುದ್ರದ ಮೇಲ್ಮೈ ಉಷ್ಣತೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದ ನಂತರವೇ ಭಾರೀ ಮಳೆಮೋಡಗಳು ಹುಟ್ಟಲು ಅನುಕೂಲವೆಂಬುದನ್ನು ಸುಲೋಚನಾ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ತೋರಿಸಿದ್ದರು. ಮೋಡ ಕವಿದಾಗ ನೀರು ತಣಿಯುತ್ತದೆ. ಆಕಾಶ ತಿಳಿಯಾದರೆ ಮತ್ತೆ ಕಾಯುತ್ತದೆ. ಗಂಗಾ, ಬ್ರಹ್ಮಪುತ್ರಾ ನದಿಗಳು ತಂದ ಸಿಹಿನೀರು ಉಪ್ಪುನೀರಿನ ಮೇಲೆ ಹಗುರವಾದ ಪದರವಾಗಿ ಹರಡಿ, ಕೆಳಗಿನ ತಣ್ಣೀರು ಮೇಲೆ ಬಾರದಂತೆ ತಡೆಯುತ್ತದೆ. ಈ ಸೂಕ್ಷ್ಮಗಳನ್ನು ಅರಿಯಲು 2016ರಲ್ಲಿ ‘ಸಿಂಧು ಸಾಧನಾ’ ನೌಕೆಯಲ್ಲಿ ‘ಬಾಬಲ್’ ಎಂಬ ಮತ್ತೊಂದು ಭಾರತ–ಬ್ರಿಟನ್ ಪ್ರಯೋಗ ನಡೆಯಿತು.

ಹಾಗೆಂದು ಕೊಲ್ಲಿಯ ನೀರಿನ ಬಿಸಿ ನೋಡಿ ಪಾವಗಡದ ನಾಳಿನ ಮಳೆ ಹೇಳಲಾಗದು. ಕೊಲ್ಲಿಯ ಉತ್ತರ ಭಾಗದಲ್ಲಿ ಹುಟ್ಟಿದ ವಾಯುಭಾರ ಕುಸಿತಗಳು ಸಾಮಾನ್ಯವಾಗಿ ಮಧ್ಯ ಭಾರತದತ್ತ ಸಾಗುತ್ತವೆ. ಸಮುದ್ರದ ಮಾಪನ ಮುನ್ಸೂಚನೆಯ ಗಣಿತವನ್ನು ತಿದ್ದುತ್ತದೆ. ಊರಿನ ಮಳೆಯ ಸ್ವಭಾವ ತಿಳಿಯಲು ಊರಿನದೇ ದೀರ್ಘಕಾಲದ ದಾಖಲೆ ಬೇಕು. ಗಾಡ್ಗೀಳ್ ಅವರೇ ಈ ಎರಡನೆಯ ಹಾದಿಯನ್ನೂ ತುಳಿದರು. ಪಿ.ಆರ್. ಶೇಷಗಿರಿರಾವ್ ಮುಂತಾದವರೊಡಗೂಡಿ ಅನಂತಪುರ–ಪಾವಗಡ ಸೀಮೆಯ ಮಳೆಯಾಶ್ರಿತ ಕಡಲೆಕಾಯಿ ಕುರಿತು 1999 ಮತ್ತು 2002ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಬಿತ್ತನೆಯ ದಿನ ಬದಲಾದರೆ ಬೆಳೆ ಕೈಕೊಡುವ ಅಪಾಯವೂ ಹೇಗೆ ಬದಲಾಗುತ್ತದೆ ಎಂಬುದನ್ನು ಹಳೆಯ ಮಳೆ ದಾಖಲೆಗಳಿಂದ ಲೆಕ್ಕ ಹಾಕಿದರು. ಬಿತ್ತನೆ ಬೀಜಕ್ಕೇ ಸಾಲ ಮಾಡುವ ರೈತನಿಗೆ ಇದಕ್ಕಿಂತ ಬೆಲೆಯುಳ್ಳ ಮಾಹಿತಿ ಬೇರೊಂದಿಲ್ಲ.

ಈ ನಾಲ್ಕೂ ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಉಪವಿಭಾಗದಲ್ಲಿ ನಾನು ಸೇವೆಯಲ್ಲಿದ್ದಾಗ, ಬೆಳಗಿನ 8.30ಕ್ಕೆ ಅಳೆದ ಮಳೆಯ ಪಟ್ಟಿ ಮೇಜಿಗೆ ಬರುತ್ತಿತ್ತು. ಒಂದು ಕಚೇರಿಯ ಆವರಣದಲ್ಲಿದ್ದ ಮಾಪಕದ ಮೇಲೆ ಹುಣಸೆಮರದ ಕೊಂಬೆ ಚಾಚಿಕೊಂಡಿತ್ತು. ಕೊಂಬೆ ತಡೆದ ಹನಿಗಳೆಷ್ಟೋ, ಸುರಿಸಿದ ಹನಿಗಳೆಷ್ಟೋ! ಬರ ಘೋಷಣೆಯ ಕಡತ ಮಾತ್ರ ಆ ಅಂಕಿಯನ್ನೇ ನಂಬಿ ಸಾಗುತ್ತಿತ್ತು. ಸಮುದ್ರದ ಮಧ್ಯೆ ಹಡಗನ್ನೇ ತಿರುಗಿಸಿ ನಿಖರತೆ ಕಾಯುವ ದೇಶದಲ್ಲಿ ಒಂದು ಕೊಂಬೆ ಕಡಿಸುವುದು ಕಷ್ಟವೇ?

ಪರಿಸ್ಥಿತಿ ಸುಧಾರಿಸಿದೆ, ನಿಜ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭಗೊಂಡ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಸ್ಥಾಪಿಸಿದೆ. ಆದರೆ ಯಂತ್ರವೂ ಆರೈಕೆ ಬೇಡುತ್ತದೆ. ಆಲಿಕೆಯಲ್ಲಿ ತರಗೆಲೆ ಸಿಕ್ಕಿಕೊಂಡರೆ ಸುರಿದ ಮಳೆಯೂ ಸುರಿಯದಂತೆಯೇ ದಾಖಲಾಗುತ್ತದೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ಹಕ್ಕು ನಿಂತಿರುವುದೇ ಇಂತಹ ಮಿಲಿಮೀಟರುಗಳ ಮೇಲೆ.

ಅನಿಶ್ಚಿತ ಮಳೆಗೆ ರೈತ ಕಟ್ಟುವ ಬೆಲೆ ಏನೆಂಬುದಕ್ಕೆ ಪಾವಗಡದ ತಿರುಮಣಿಯೇ ಸಾಕ್ಷಿ. ಅಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕಿಗೆ ರೈತರು ಸುಮಾರು 13,000 ಎಕರೆಯನ್ನು, ಎಕರೆಗೆ ಆರಂಭದಲ್ಲಿ ವರ್ಷಕ್ಕೆ 21,000 ರೂಪಾಯಿಯಂತೆ, ಗುತ್ತಿಗೆಗೆ ಕೊಟ್ಟರು. ಬಿತ್ತಿ ಕಳೆದುಕೊಳ್ಳುವುದಕ್ಕಿಂತ ಬಿತ್ತದೆ ಪಡೆಯುವುದೇ ಲೇಸೆಂಬ ಈ ಲೆಕ್ಕವನ್ನು ತಪ್ಪೆನ್ನಲಾಗದು. ಆದರೆ ಭೂಮಿಯೇ ಇಲ್ಲದ ಕೂಲಿಕಾರನಿಗೆ ಆ ಗುತ್ತಿಗೆ ಹಣದಲ್ಲಿ ಪಾಲಿಲ್ಲ.

ಮಾಹಿತಿ ಸಾರ್ವಜನಿಕ ಸ್ವತ್ತು; ಒಬ್ಬ ಬಳಸಿದರೆ ಇನ್ನೊಬ್ಬನಿಗೆ ಕಡಿಮೆಯಾಗದು. ಆದ್ದರಿಂದ ಅದರ ಖರ್ಚು ಸರ್ಕಾರದ ಹೊಣೆ. ಸಾಗರ ಯಾತ್ರೆಗಳಿಗೆ ನಿರಂತರ ಅನುದಾನ ದೊರೆಯಲಿ. ಜೊತೆಗೆ ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಆ ದಿನದ ಮಳೆ, ವಾಡಿಕೆ ಮಳೆ ಮತ್ತು ಮಾಪಕವನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕಗಳನ್ನು ಬರೆಯಿಸಲಿ. ತನ್ನ ಹೊಲದ ಮೇಲೆ ಬಿದ್ದ ಮಳೆಗೂ ಗೋಡೆಯ ಅಂಕಿಗೂ ತಾಳೆಯಾಗದಿದ್ದರೆ ರೈತ ಅಂದೇ ಕೇಳಲಿ, ಬೆಳೆ ಒಣಗಿದ ಮೇಲಲ್ಲ.