ಸಿಡಿಲಿನಿಂದ ಮೀನುಗಾರಿಕಾ ಬೋಟು ಮತ್ತು ಅದರ ವಿದ್ಯುನ್ಮಾನ ಉಪಕರಣಗಳ ರಕ್ಷಣೆ

ಮೀನುಗಾರ ಬಾಂಧವರಿಗೆ ತಿಳಿದಿರುವಂತೆ, ನಮ್ಮ ಕರಾವಳಿಯಲ್ಲಿ ಸಿಡಿಲಿನ ಹಾವಳಿ ಜಡಿಮಳೆಯ ತಿಂಗಳುಗಳಿಗಿಂತ ಅದರ ಹಿಂದುಮುಂದಿನ ಕಾಲದಲ್ಲೇ ಹೆಚ್ಚು. ಏಪ್ರಿಲ್-ಮೇ ತಿಂಗಳುಗಳಲ್ಲಿ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಘಟ್ಟದ ಮೇಲೆ ಕಟ್ಟಿದ ಮೋಡ ಸಂಜೆಯ ಹೊತ್ತಿಗೆ ಪಡುವಣಕ್ಕೆ ಸರಿದು ಕಡಲಿಗಿಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ಬೋಟುಗಳು ಕಡಲಲ್ಲಿರುವ ಕಾಲವೂ ಸಿಡಿಲಿನ ಕಾಲವೂ ಒಂದೇ ಆಗಿಬಿಟ್ಟಿವೆ. ಹಿಂದೆ ಬೋಟಿನಲ್ಲಿ ಎಂಜಿನ್ ಮತ್ತು ದಿಕ್ಸೂಚಿ ಬಿಟ್ಟರೆ ಹೆಚ್ಚೇನೂ ಇರುತ್ತಿರಲಿಲ್ಲ. ಈಗ ವೈರ್‌ಲೆಸ್, ಜಿಪಿಎಸ್, ಮೀನು ಪತ್ತೆಯಂತ್ರ ಎಲ್ಲವೂ ಇವೆ. ಒಂದೇ ಸಿಡಿಲಿಗೆ ಇವೆಲ್ಲ ಒಟ್ಟಿಗೆ ಸುಟ್ಟುಹೋಗಬಹುದು.

"ಮಾಸ್ಟ್ ಕಂಬಕ್ಕೆ ತಾಮ್ರದ ಸಲಾಕೆ ಹಾಕಿದರೆ ಸಿಡಿಲನ್ನು ನಾವೇ ಕರೆದಂತಾಗುವುದಿಲ್ಲವೇ?" ಎಂಬುದು ದಕ್ಕೆಯಲ್ಲಿ ಬೋಟಿನವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ. ಬಯಲು ಕಡಲಿನಲ್ಲಿ ಸುತ್ತ ಮೈಲಿಗಟ್ಟಲೆ ಎತ್ತರವಾದದ್ದು ನಿಮ್ಮ ಬೋಟೊಂದೇ. ಸಲಾಕೆ ಇರಲಿ ಬಿಡಲಿ, ಹತ್ತಿರ ಬಂದ ಸಿಡಿಲು ಆ ಕಂಬವನ್ನೇ ಹುಡುಕುತ್ತದೆ. ಅದನ್ನು ತಡೆಯುವ ಉಪಾಯ ಯಾವುದೂ ಇಲ್ಲ. ಬಂದ ಸಿಡಿಲು ಯಾವ ದಾರಿಯಲ್ಲಿ ನೀರಿಗಿಳಿಯಬೇಕೆಂಬುದಷ್ಟೇ ನಮ್ಮ ಕೈಯಲ್ಲಿದೆ. ಸಾಮಾನ್ಯ ಸಿಡಿಲಿನ ಪ್ರವಾಹ ಸುಮಾರು 30,000 ಆಂಪಿಯರ್. ದಾರಿ ಸಿಗದಿದ್ದರೆ ಅದು ಮರದ ಅಥವಾ ಫೈಬರ್ ಬೋಟಿನ ಅಡಿಯನ್ನೇ ಸೀಳಿಕೊಂಡು ಹೋಗಬಲ್ಲದು. ಉಕ್ಕಿನ ಬೋಟುಗಳಿಗೆ ಈ ಭಯ ಕಡಿಮೆ. ಕಂಬ ಒಡಲಿಗೆ ಗಟ್ಟಿಯಾಗಿ ಬೆಸುಗೆಯಾಗಿದ್ದರೆ ಇಡೀ ಒಡಲೇ ವಾಹಕವಾಗುತ್ತದೆ. ಅವುಗಳಿಗೆ ತಾಮ್ರದ ಹಲಗೆ ಬಡಿಯಲೇಬಾರದು. ಉಪ್ಪುನೀರಿನಲ್ಲಿ ತಾಮ್ರದ ಪಕ್ಕದ ಉಕ್ಕು ಬೇಗ ಸವೆಯುತ್ತದೆ.

ಮರದ ಮತ್ತು ಫೈಬರ್ ಬೋಟುಗಳಲ್ಲಿ ಸಲಾಕೆಯ ತುದಿ ಕಂಬದ ಮೇಲಿರುವ ಎಲ್ಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ಎತ್ತರದಲ್ಲಿರಬೇಕು. ವೈರ್‌ಲೆಸ್ಸಿನ ಆಂಟೆನಾ ಅದಕ್ಕಿಂತ ಮೇಲಿದ್ದರೆ ಸಿಡಿಲು ಆಂಟೆನಾದ ಮೂಲಕ ನೇರವಾಗಿ ಯಂತ್ರದೊಳಕ್ಕೇ ಇಳಿಯುತ್ತದೆ. ಆದ್ದರಿಂದ ಆಂಟೆನಾವನ್ನು ಪಕ್ಕದಲ್ಲಿ, ತಗ್ಗಿನಲ್ಲಿ ಕಟ್ಟುವುದು ಉತ್ತಮ. ಸಲಾಕೆಯಿಂದ 25 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯನ್ನು ಆದಷ್ಟು ನೇರವಾಗಿ ಕೆಳಗಿಳಿಸಿ, ನೀರಿನೊಳಗೆ ಸದಾ ಮುಳುಗಿರುವಂತೆ ಒಡಲಿನ ಅಡಿಗೆ ಕೂಡಿಸಿದ 30×30 ಸೆಂಟಿಮೀಟರ್ ತಾಮ್ರದ ಹಲಗೆಗೆ ಜೋಡಿಸಬೇಕು. ತಂತಿಯನ್ನು ಎಲ್ಲಿಯೂ ಮೂಲೆಗಟ್ಟಿ ಬಗ್ಗಿಸಬಾರದು. ಸಿಡಿಲು ಚೂಪಾದ ತಿರುವಿನಲ್ಲಿ ದಾರಿ ಬಿಟ್ಟು ಪಕ್ಕಕ್ಕೆ ಹಾರುತ್ತದೆ. ಅದೇ ಕಾರಣಕ್ಕೆ ತಂತಿಯಿಂದ ಆರು ಅಡಿಯೊಳಗಿರುವ ಎಂಜಿನ್, ವಿಂಚ್, ಡೀಸೆಲ್ ಟ್ಯಾಂಕುಗಳನ್ನೂ ತಾಮ್ರದ ತಂತಿಯಿಂದ ಇದಕ್ಕೆ ಸೇರಿಸಬೇಕು. ಹಲಗೆಗೆ ಬಣ್ಣ ಬಳಿಯಬಾರದು. ನಿಷೇಧದ ದಿನಗಳಲ್ಲಿ ಬೋಟು ದುರಸ್ತಿಗೆಂದು ದಡಕ್ಕೇರಿದಾಗಲೇ ಈ ಕೆಲಸ ಮುಗಿಸಿಕೊಂಡರೆ ಬೇರೆ ಖರ್ಚು ತಪ್ಪುತ್ತದೆ.

ಬ್ರಿಟಿಷ್ ನೌಕಾಪಡೆಯ ಹಡಗುಗಳಲ್ಲಿ ಒಂದು ಕಾಲದಲ್ಲಿ ತಾಮ್ರದ ಸರಪಳಿಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಬಿರುಗಾಳಿ ಬಂದಾಗ ಮೇಲಕ್ಕೇರಿಸುವ ಪದ್ಧತಿಯಿತ್ತು. ಬೇಕಾದ ಹೊತ್ತಿಗೆ ಅದು ಅನೇಕ ವೇಳೆ ಪೆಟ್ಟಿಗೆಯಲ್ಲೇ ಉಳಿಯುತ್ತಿತ್ತು. ವಿಲಿಯಂ ಸ್ನೋ ಹ್ಯಾರಿಸ್ ಎಂಬಾತ ವಾಹಕವನ್ನು ಕಂಬಕ್ಕೂ ಒಡಲಿಗೂ ಶಾಶ್ವತವಾಗಿ ಕೂಡಿಸುವ ಕ್ರಮವನ್ನು ರೂಪಿಸಿದ. 1831ರಲ್ಲಿ ಡಾರ್ವಿನ್ ಹೊರಟ ಬೀಗಲ್ ಹಡಗಿಗೆ ಅದನ್ನೇ ಅಳವಡಿಸಲಾಗಿತ್ತು. ನಮ್ಮಲ್ಲೂ ತಂತಿ ತಂದು ಬೋಟಿನ ಮೂಲೆಯಲ್ಲಿ ಸುತ್ತಿಟ್ಟವರಿದ್ದಾರೆ!

ಒಂದು ವಿಷಯವನ್ನು ಹಲವರು ಗಮನಿಸುವುದಿಲ್ಲ. ಒಂದು ಚದರಡಿ ಹಲಗೆಯ ಲೆಕ್ಕ ಉಪ್ಪುನೀರಿನದು. ಮಳೆಗಾಲದಲ್ಲಿ ಹೊಳೆ ತುಂಬಿ ಬಂದಾಗ ಅಳಿವೆಯೊಳಗಿನ ದಕ್ಕೆಯ ನೀರು ಬಹುಪಾಲು ಸಿಹಿಯಾಗಿರುತ್ತದೆ. ಸಿಹಿನೀರು ವಿದ್ಯುತ್ತನ್ನು ಕಡಲ ನೀರಿನಷ್ಟು ಚೆನ್ನಾಗಿ ಹರಿಯಬಿಡುವುದಿಲ್ಲ. ದಕ್ಕೆಗೆ ಬಂದೆವು, ಇನ್ನು ಚಿಂತೆಯಿಲ್ಲ ಎಂದು ಉಪಕರಣಗಳನ್ನು ಹಾಗೆಯೇ ಬಿಟ್ಟು ಮನೆಗೆ ಹೋಗುವುದು ಸರಿಯಲ್ಲ.

ಇನ್ನು ಉಪಕರಣಗಳ ವಿಷಯ. ವಾಹಕ ಒಡಲನ್ನು ಮತ್ತು ಜನರನ್ನು ಕಾಯುತ್ತದೆ, ಉಪಕರಣಗಳನ್ನು ಕಾಯುತ್ತದೆಂಬ ಖಾತ್ರಿಯಿಲ್ಲ. ಸಿಡಿಲು ಪಕ್ಕದ ನೀರಿಗೆ ಬಿದ್ದರೂ ತಂತಿಗಳಲ್ಲಿ ಹುಟ್ಟುವ ವಿದ್ಯುತ್ತು ಅವನ್ನು ಕೆಡಿಸಬಲ್ಲದು. ಸ್ವಿಚ್ ಆರಿಸಿದರೆ ಸಾಕೆಂಬುದು ತಪ್ಪು ತಿಳುವಳಿಕೆ. ಗಾಳಿಯಲ್ಲಿ ಒಂದು ಮಿಲಿಮೀಟರ್ ಅಂತರವನ್ನು ದಾಟಲು ಸುಮಾರು 3,000 ವೋಲ್ಟ್ ಸಾಕು. ಲಕ್ಷಾಂತರ ವೋಲ್ಟಿನ ಸಿಡಿಲಿಗೆ ಸ್ವಿಚ್ಚಿನೊಳಗಿನ ಸಂದು ಯಾವ ಲೆಕ್ಕ? ಆದ್ದರಿಂದ ಆಂಟೆನಾ ತಂತಿಯನ್ನೂ ಬ್ಯಾಟರಿ ತಂತಿಯನ್ನೂ ಯಂತ್ರದಿಂದ ಕಳಚಿ, ತುದಿಗಳನ್ನು ಎರಡಡಿ ದೂರ ಸರಿಸಿ ಕಟ್ಟಬೇಕು. ಮೋಡ ದೂರದಲ್ಲಿರುವಾಗಲೇ ಇದನ್ನು ಮಾಡಬೇಕು. ತಲೆಯ ಮೇಲೆ ಬಂದ ಮೇಲೆ ತಂತಿಗೆ ಕೈ ಹಾಕುವುದು ಪ್ರಾಣಕ್ಕೆ ಅಪಾಯ. ಕೈಯಲ್ಲಿ ಹಿಡಿಯುವ ಜಿಪಿಎಸ್, ಬಿಡಿ ವೈರ್‌ಲೆಸ್, ಮೊಬೈಲ್ ಫೋನುಗಳನ್ನು ಒಣಬಟ್ಟೆಯಲ್ಲಿ ಸುತ್ತಿ ಅನ್ನ ಬೇಯಿಸುವ ಅಲ್ಯೂಮಿನಿಯಂ ಪಾತ್ರೆಯಲ್ಲಿಟ್ಟು ಬಿಗಿಯಾಗಿ ಮುಚ್ಚಳ ಹಾಕಿರಿ. ಸುತ್ತಲೂ ಲೋಹವಿದ್ದರೆ ಒಳಗಿನ ವಸ್ತುವಿಗೆ ವಿದ್ಯುತ್ತಿನ ಬಾಧೆ ಬಹಳಮಟ್ಟಿಗೆ ತಟ್ಟದು. ಬಂದರಿನ ಮತ್ತು ಮೀನಿನ ನೆಲೆಗಳ ಅಂಕಿಗಳನ್ನು ಒಂದು ಪುಸ್ತಕದಲ್ಲೂ ಬರೆದಿಟ್ಟಿರಬೇಕು.

ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲಿನ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. 30 ಸೆಕೆಂಡಿಗಿಂತ ಕಡಿಮೆಯಾದರೆ ಕೆಲಸ ನಿಲ್ಲಿಸಬೇಕು. ಎಂಜಿನ್ ಸದ್ದಿನಲ್ಲಿ ಗುಡುಗು ಕೇಳದಿರುವುದರಿಂದ ತಾಂಡೇಲರು ಒಬ್ಬರನ್ನು ಆಕಾಶ ನೋಡಲು ನಿಲ್ಲಿಸುವುದು ಒಳ್ಳೆಯದು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಆ್ಯಪ್ ಸಮೀಪದ ಸಿಡಿಲಿನ ಸೂಚನೆ ಕೊಡುತ್ತದೆ. ಆದರೆ ಫೋನಿಗೆ ಸಂಪರ್ಕ ಸಿಗದ ದೂರದಲ್ಲಿ ಅದನ್ನು ನಂಬುವಂತಿಲ್ಲ, ಹೊರಡುವ ಮೊದಲೇ ನೋಡಿಕೊಳ್ಳಬೇಕು.

ಸಿಡಿಲಿನ ವೇಳೆ ಬಲೆಯ ಉಕ್ಕಿನ ಹಗ್ಗ, ವಿಂಚ್, ಕಂಬಗಳನ್ನು ಯಾರೂ ಮುಟ್ಟಬಾರದು. ಕ್ಯಾಬಿನ್ನಿನ ನಡುವೆ ಕುಳಿತಿರಬೇಕು. ಚುಕ್ಕಾಣಿ ಹಿಡಿದವರು ಇನ್ನೊಂದು ಕೈಯಲ್ಲಿ ಬೇರೆ ಲೋಹವನ್ನು ಹಿಡಿಯಬಾರದು. ಕಂಬವಿಲ್ಲದ ನಾಡದೋಣಿಯಲ್ಲಿ ನಿಂತ ಮನುಷ್ಯನೇ ಎತ್ತರದ ವಸ್ತುವಾದ್ದರಿಂದ ಮೋಡ ಕಂಡೊಡನೆ ದಡ ಸೇರುವುದೊಂದೇ ದಾರಿ. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಮುಟ್ಟಲು ಹೆದರದೆ, ಉಸಿರು ನಿಂತಿದ್ದರೆ ಕೂಡಲೇ ಎದೆ ಒತ್ತಿ ಉಸಿರು ಕೊಡಬೇಕು. ನೆರವಿಗೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ತಿಳಿಸಿರಿ.

ಬೋಟಿಗೆ ಸಿಡಿಲು ಬಡಿದಿದ್ದರೆ ಮೊದಲು ಅಡಿಯಲ್ಲಿ ನೀರು ಜಿನುಗುತ್ತಿದೆಯೇ ಎಂದು ನೋಡಿ, ಮುಖ್ಯವಾಗಿ ಹಲಗೆಯ ಬೋಲ್ಟುಗಳ ಸುತ್ತ. ಆಮೇಲೆ ದಿಕ್ಸೂಚಿಯನ್ನು ಪರೀಕ್ಷಿಸಿರಿ. ಸಿಡಿಲಿನ ನಂತರ ಅದು ತಪ್ಪು ದಿಕ್ಕು ತೋರಿಸುವುದುಂಟು. ದಡದ ದೀಪಸ್ತಂಭವೋ ನಕ್ಷತ್ರವೋ ಕಾಣುವವರೆಗೆ ಅದೊಂದನ್ನೇ ನಂಬಿ ವೇಗವಾಗಿ ಹೊರಡಬೇಡಿರಿ.